ಪರದೆಯ ಚಿತ್ರದೊಳಗೆ ಕಣ್ಣಿಗೆ ಕಾಣದ ಕ್ಯೂಆರ್ ಕೋಡ್ ಅಡಗಿಸುವ ವಿಧಾನ

ಬೆಂಗಳೂರಿನ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಂಥ ಜನನಿಬಿಡ ಜಾಗದ ಪರದೆಯಲ್ಲಿ ಚಿತ್ರದ ಅಂದ ಕೆಡದಂತೆ ಕ್ಯೂಆರ್ ಕೋಡ್ ಅಡಗಿಸಬೇಕಾದರೆ, ಸೆಕೆಂಡಿಗೆ 120 ಫ್ರೇಮ್ ತೋರಿಸಬಲ್ಲ ಪರದೆಯನ್ನು ಆರಿಸಿಕೊಳ್ಳಿ. ಒಂದು ಫ್ರೇಮಿನಲ್ಲಿ ಕೋಡಿನ ಚೌಕಗಳಿರುವೆಡೆ ಹೊಳಪನ್ನು ತುಸು ಹೆಚ್ಚಿಸಿ, ಮುಂದಿನದರಲ್ಲಿ ಅಷ್ಟೇ ತಗ್ಗಿಸಿದರೆ ಕಣ್ಣು ಎರಡರ ಸರಾಸರಿಯನ್ನಷ್ಟೇ ಗ್ರಹಿಸುತ್ತದೆ. ಷಟರ್ ಅತಿ ಕಡಿಮೆ ಹೊತ್ತು ತೆರೆಯುವ ಕ್ಯಾಮೆರಾ ಮಾತ್ರ ಆ ವ್ಯತ್ಯಾಸವನ್ನು ಹಿಡಿಯಬಲ್ಲದು. ಇಲ್ಲಿ ಬಹಳ ಎಚ್ಚರ ಬೇಕು: ಈ ಕೂಡಿಸಿ ಕಳೆಯುವ ಲೆಕ್ಕವನ್ನು ಪಿಕ್ಸೆಲ್ಲಿನ ಸಂಖ್ಯೆಗಳ ಮೇಲೆ ನೇರವಾಗಿ ಮಾಡದೆ, ಗಾಮಾ ತಿದ್ದುಪಡಿಯನ್ನು (ಕಣ್ಣಿನ ಗ್ರಹಿಕೆಗೆ ಹೊಂದುವಂತೆ ಆ ಸಂಖ್ಯೆಗಳಿಗೆ ಮಾಡಿರುವ ಮಾರ್ಪಾಡನ್ನು) ತೆಗೆದ ನಂತರ ಸಿಗುವ ನಿಜವಾದ ಬೆಳಕಿನ ಪ್ರಮಾಣದ ಮೇಲೆ ಮಾಡಬೇಕು, ಇಲ್ಲವಾದರೆ ಚೌಕಗಳು ಮಸುಕುಮಸುಕಾಗಿ ಕಂಡುಬಿಡುತ್ತವೆ. ಪಿಕ್ಸೆಲ್ ಸಂಖ್ಯೆಯ ಗರಿಷ್ಠ ಮಟ್ಟವಾದ 255ರ ಅಚ್ಚಬಿಳುಪಿನಲ್ಲಿ ಹೊಳಪು ಹೆಚ್ಚಿಸಲು ಅವಕಾಶವೇ ಇರುವುದಿಲ್ಲವಾದ್ದರಿಂದ, ಮಲ್ಲಿಗೆ ರಾಶಿಯ ಚಿತ್ರಕ್ಕಿಂತ ಹಸಿರೆಲೆಗಳ ಹಿನ್ನೆಲೆ ಮೇಲು. ಕೋಡಿನ ದೋಷ ತಿದ್ದುವ ಮಟ್ಟವನ್ನು ಸುಮಾರು ಶೇ 30ರಷ್ಟು ಹಾನಿ ತಾಳುವ ‘ಎಚ್’ಗೆ ಇಡಿ. ಇಲ್ಲಿ ಕೋಡ್ ಇದೆಯೆಂದು ಪರದೆಯ ಪಕ್ಕದಲ್ಲಿ ಕನ್ನಡದಲ್ಲಿ ಬರೆದಿಡುವುದು ನನ್ನ ದೃಷ್ಟಿಯಲ್ಲಿ ಕಡ್ಡಾಯ.