ಆಟಿಕೆಗೆ ಉಗುರಿನ ಪರೀಕ್ಷೆ, ಊಟಕ್ಕೆ ಪ್ಯಾಕೆಟ್ಟಿನ ಹಿಂಬದಿ

ನಮ್ಮ ನಾಯಿಗೆ ಏನು ಸಿಕ್ಕರೂ ಹಲ್ಲು ಹಾಕದೆ ಸಮಾಧಾನವಿಲ್ಲ. ಹಾಗಾಗಿ ಆಟಿಕೆ ಕೊಳ್ಳುವ ಮುಂಚೆ ಹೆಬ್ಬೆರಳಿನ ಉಗುರನ್ನು ಅದಕ್ಕೆ ಒತ್ತಿ ನೋಡುತ್ತೇನೆ. ಸ್ವಲ್ಪವಾದರೂ ತಗ್ಗು ಬೀಳಬೇಕು. ಬೀಳದಿದ್ದರೆ ಅಲ್ಲೇ ವಾಪಸ್. ಜಿಂಕೆ ಕೊಂಬು, ಗೊರಸು, ಒಣಮೂಳೆ ಎಲ್ಲ ಇಲ್ಲೇ ಫೇಲ್. ಗಟ್ಟಿ ವಸ್ತು ಸಿಕ್ಕರೆ ನಾಯಿ ಅದನ್ನು ದವಡೆಯ ಒಂದು ಪಕ್ಕಕ್ಕೆ ತಳ್ಳಿಕೊಂಡು, ತಲೆ ಓರೆ ಮಾಡಿ ಕಡಿಯುತ್ತದೆ. ಆಗ ಮೇಲಿನ ಸಾಲಿನ ದೊಡ್ಡ ಹಲ್ಲಿನಿಂದ ಒಂದು ಚಕ್ಕೆಯೇ ಎದ್ದುಬರಬಹುದು. ಮರಿಯ 28 ಹಾಲುಹಲ್ಲು ಬಿದ್ದು 42 ಹುಟ್ಟುತ್ತವೆ. ಆಮೇಲೆ ಮುರಿದದ್ದು ಮುರಿದಂತೆಯೇ.

ಪೂರ್ತಿ ಬಾಯೊಳಗೆ ಹೋಗುವ ಚೆಂಡನ್ನು ನಾನು ತರುವುದೇ ಇಲ್ಲ. ಜೊಲ್ಲು ತಾಗಿದ ಮೇಲೆ ಅದು ಜಾರಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಗ್ಗದ ಆಟಿಕೆ ನಾನು ಎದುರಿಗಿದ್ದಾಗ ಮಾತ್ರ. ಎಳೆ ಬಿಡಲು ಶುರುವಾದರೆ ಕಸಕ್ಕೆ ಹಾಕುತ್ತೇನೆ, ಯಾಕೆಂದರೆ ನುಂಗಿದ ದಾರ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ದುಬಿಡಬಹುದು. ಇನ್ನು ಬಣ್ಣ. ಕೆಂಪು ಚೆಂಡು ನಮ್ಮ ಕಣ್ಣಿಗೆ ಚೆಂದ ಅಷ್ಟೇ. ನಾಯಿಗೆ ಚೆನ್ನಾಗಿ ಕಾಣುವುದು ನೀಲಿ, ಹಳದಿ. ಹುಲ್ಲಿನಲ್ಲಿ ಬಿದ್ದ ಕೆಂಪನ್ನು ಅದು ಮೂಸಿಯೇ ಹುಡುಕಬೇಕು.

ನಮ್ಮಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆ. ಅದಕ್ಕೆ ತಿಂಡಿ ತುಂಬುವುದಿಲ್ಲ, ಆ ಹೊತ್ತಿನ ಊಟವನ್ನೇ ತುಂಬುತ್ತೇನೆ. ಆಟಿಕೆಯ ಬಾಯಿಗೆ ಒಂದಿಷ್ಟು ಕಡಲೆಕಾಯಿ ಬೆಣ್ಣೆ ಸವರಿದರೆ ನೆಕ್ಕುತ್ತಾ ಕೂರುತ್ತದೆ. ಬೆಣ್ಣೆಯ ಡಬ್ಬಿಯಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇದೆಯಾ ಅಂತ ಮೊದಲು ನೋಡಲೇಬೇಕು. ನಾಯಿಗೆ ಅದು ವಿಷ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿಯೂ ಅಷ್ಟೇ.

ಊಟದ ಪ್ಯಾಕೆಟ್ಟಿನ ಮುಂದೆ ಇರುವ ಮಾಂಸದ ಫೋಟೋ ಸುಮ್ನೆ ಶೋಕಿಗೆ. ನಾನು ಓದುವುದು ಹಿಂಬದಿ. ಇದು ಪೂರ್ಣ ಆಹಾರವಾ, ಮರಿಗಾ, ಬೆಳೆದ ನಾಯಿಗಾ? ದೊಡ್ಡ ತಳಿಯ ಮರಿಗಾದರೆ ಆ ಹೆಸರಿನಲ್ಲೇ ಬರುವ ಊಟ ಬೇಕು, ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆ ಸರಿಯಾಗಿ ಬೆಳೆಯುವುದಿಲ್ಲ. ಡಬ್ಬಿ ಊಟದಲ್ಲಿ ಪ್ರೋಟೀನ್ 8%, ಕಾಳಿನಂತಿರುವ ಒಣ ಊಟದಲ್ಲಿ 26% ಅಂತ ನೋಡಿ ಡಬ್ಬಿಯನ್ನು ಕೆಳಗಿಡಬೇಡಿ. ಡಬ್ಬಿಯಲ್ಲಿ 78% ನೀರು ಅಂದುಕೊಳ್ಳಿ. ನೀರು ಬಿಟ್ಟು ಉಳಿದ 22ರಲ್ಲಿ 8 ಅಂದರೆ ಸುಮಾರು 36% ಆಯ್ತು, ಅಲ್ವಾ? ಒಣ ಊಟದಲ್ಲಿ 10% ನೀರು ಕಳೆದರೆ 29%. ಈ ಲೆಕ್ಕ ಹಾಕದೆ ಎರಡನ್ನೂ ಹೋಲಿಸುವುದು ದಂಡ.

ಹೊಸ ಊಟಕ್ಕೆ ಒಂದೇ ದಿನ ಹಾರುವುದಿಲ್ಲ. ಹಳೆಯದರಲ್ಲಿ ಕಾಲುಭಾಗ ಬೆರೆಸಿ, ವಾರ ಹತ್ತು ದಿನದಲ್ಲಿ ಪೂರ್ತಿ ಬದಲಿಸುತ್ತೇನೆ. ಮಲ ಸಡಿಲವಾದರೆ ಅಲ್ಲೇ ನಿಲ್ಲಿಸಿ ನಿಧಾನ ಮಾಡುತ್ತೇನೆ. ಪ್ಯಾಕೆಟ್ ಹೇಳುವ ಅಳತೆ ಶುರುವಿಗೆ ಮಾತ್ರ. ಪಕ್ಕೆಯ ಮೇಲೆ ಕೈಯಾಡಿಸಿದಾಗ ಒತ್ತದೆಯೇ ಎಲುಬು ಬೆರಳಿಗೆ ಸಿಗಬೇಕು. ಸಿಗದಿದ್ದರೆ ಮೊದಲು ತಿಂಡಿ ಕಡಿತ, ಆಮೇಲೆ ಊಟದಲ್ಲಿ ಒಂದು ಹಿಡಿ ಕಡಿಮೆ.