ಗೊಂಬೆ ಹಗುರ, ಕೊರಿಯರ್ ಬಿಲ್ ಭಾರ: ನನ್ನ ಅನುಭವ

ನಾನು ಆನ್‌ಲೈನ್‌ನಲ್ಲಿ ಬಟ್ಟೆ ಗೊಂಬೆ ಮಾರುತ್ತೇನೆ. ಒಂದು ಗೊಂಬೆ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಆದರೆ ಬಿಲ್ ಬರುತ್ತಿದ್ದದ್ದು ಎರಡೂವರೆ ಕಿಲೋಗೆ! ಮೋಸ ಅಂದುಕೊಂಡು ಎರಡು ಕೊರಿಯರ್ ಬದಲಾಯಿಸಿದೆ. ಸುಮ್ನೆ ಅಲೆದಾಟ.

ತಪ್ಪು ನನ್ನ ಡಬ್ಬಿಯದ್ದು. ಹಲವು ಕೊರಿಯರ್‌ಗಳು ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ರಿಂದ ಭಾಗಿಸುತ್ತವೆ. ಆ ಅಂಕಿ, ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಹಣ. ನನ್ನ ಡಬ್ಬಿ 30, 20, 20. ಅಂದರೆ 2.4 ಕಿಲೋ, ಅದನ್ನೂ ಮುಂದಿನ ಅರ್ಧ ಕಿಲೋಗೆ ಏರಿಸುತ್ತಿದ್ದರು. ಒಳಗೆ ಇದ್ದದ್ದು ಬಹುಪಾಲು ಗಾಳಿ ಅಲ್ವಾ!

ಈಗ 25, 15, 10ರ ಡಬ್ಬಿ ಬಳಸುತ್ತೇನೆ. 0.75 ಕಿಲೋ, ಬಿಲ್ ಒಂದು ಕಿಲೋಗೆ. ಆಮೇಲೆ ಅಂಚೆ, ಕೊರಿಯರ್ ದರಗಳನ್ನು ಇದೇ ಅಳತೆ ಕೊಟ್ಟು ಹೋಲಿಸಿದೆ. ವಾಪಸ್ ಬಂದ ಪಾರ್ಸೆಲ್‌ಗೆ ಎಷ್ಟು ಹಾಕುತ್ತಾರೆ ಅಂತಲೂ ಕೇಳಿಕೊಂಡೆ.