ತೂಕ ಇಳಿಸುವಾಗ ಬಹುಮಾನ: ನಾಣ್ಯದ ಬಾಟಲಿ, ಚೀಟಿ, ಟೈಲರ್ ಹೊಲಿಗೆ

ವಾರವಿಡೀ ನಡೆದು ಭಾನುವಾರಕ್ಕೆ ಎರಡು ಹೋಳಿಗೆ ಬಹುಮಾನ ಅಂತ ಇಟ್ಟುಕೊಂಡರೆ ಲೆಕ್ಕ ಹೀಗೆ ಬರುತ್ತದೆ. 70 ಕೆ.ಜಿ. ತೂಕದವರು ಗಂಟೆಗೆ 5 ಕಿ.ಮೀ. ವೇಗದಲ್ಲಿ 40 ನಿಮಿಷ ನಡೆದರೆ, ಅಷ್ಟು ಹೊತ್ತು ಸುಮ್ಮನೆ ಕೂತಿದ್ದರೆ ಆಗುವ ಖರ್ಚಿನ ಮೇಲೆ ಸುಮಾರು 120 ಕಿಲೋ ಕ್ಯಾಲರಿ ಹೆಚ್ಚು ಕರಗುತ್ತದೆ. ಒಂದು ಹೋಳಿಗೆ, ಅದರ ಮೇಲೊಂದು ಚಮಚ ತುಪ್ಪ ಸೇರಿದರೆ, ಗಾತ್ರ ನೋಡಿಕೊಂಡು 250ರಿಂದ 300. ಎರಡು ಹೋಳಿಗೆಗೆ ನಾಲ್ಕೈದು ದಿನದ ನಡಿಗೆ ಚುಕ್ತಾ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹೋಳಿಗೆ ಬಹುಮಾನ ಆದ ಕೂಡಲೇ ನಡಿಗೆ ಅದಕ್ಕೆ ಕಟ್ಟುವ ದಂಡ ಆಗಿಬಿಡುತ್ತದೆ. ನಡೆಯದ ವಾರವೂ ಹೋಳಿಗೆ ಸಿಗುತ್ತದೆ ಅಂತ ಗೊತ್ತಾದ ಮೇಲೆ ದಂಡ ಯಾರು ಕಟ್ಟುತ್ತಾರೆ?

ಹಾಗಾಗಿ ನನ್ನ ಪಟ್ಟಿಯಲ್ಲಿ ತಿಂಡಿಗೆ ಜಾಗವಿಲ್ಲ. ಹಲಸಿನ ಹಣ್ಣಿನ ಕಡುಬು, ಪತ್ರೊಡೆ, ದೀಪಾವಳಿಯ ಹೋಳಿಗೆ ಎಲ್ಲವನ್ನೂ ಆಯಾ ಕಾಲಕ್ಕೆ ತಿನ್ನುತ್ತೇನೆ. ಆದರೆ ಊಟ ಅಂತ ತಿನ್ನುತ್ತೇನೆ, ಅವತ್ತಿನ ಅನ್ನ ಕಡಿಮೆ ಮಾಡಿಕೊಳ್ಳುತ್ತೇನೆ. ಚೆನ್ನಾಗಿ ನಡೆದುಕೊಂಡೆ ಅಂತಲೂ ಅಲ್ಲ, ತಪ್ಪು ಮಾಡುತ್ತಿದ್ದೇನೆ ಅಂತಲೂ ಅಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದ್ದಕ್ಕೆ ಇನ್ನೊಂದು ತಿನ್ನಬಹುದು ಅನ್ನುವ ಸಮಾಧಾನವೂ ಬೇಡ. ಗ್ರಾಂ ಲೆಕ್ಕದಲ್ಲಿ ಎರಡರ ಕ್ಯಾಲರಿಗೂ ಹೆಚ್ಚು ವ್ಯತ್ಯಾಸ ಇಲ್ಲ.

ಎರಡನೇ ನಿಯಮ, ಬಹುಮಾನ ತಕ್ಕಡಿಗೆ ಅಲ್ಲ, ಕೆಲಸಕ್ಕೆ. ತಕ್ಕಡಿ ಕೊಬ್ಬನ್ನು ಮಾತ್ರ ತೂಗುವುದಿಲ್ಲ. ದೇಹ ದಾಸ್ತಾನು ಇಟ್ಟುಕೊಳ್ಳುವ ಪಿಷ್ಟದ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ನಿಲ್ಲುತ್ತದೆ, ಉಪ್ಪು ಜಾಸ್ತಿಯಾದರೆ ಇನ್ನಷ್ಟು. ಮದುವೆ ಊಟದ ಮರುದಿನ ಒಂದೂವರೆ ಕೆ.ಜಿ. ಜಾಸ್ತಿ ತೋರಿಸಿದರೆ ಅದು ಕೊಬ್ಬಾಗಿರಲು ಸಾಧ್ಯವಿಲ್ಲ, ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7,700 ಕಿಲೋ ಕ್ಯಾಲರಿ, ಯಾವ ಪಂಕ್ತಿಯಲ್ಲೂ ಅಷ್ಟು ಉಣ್ಣೋಕಾಗಲ್ಲ. ಅದೇ ರೀತಿ ಏಕಾದಶಿ ಉಪವಾಸದ ಮರುದಿನ ಮುಳ್ಳು ಕೆಳಗಿಳಿದಿದ್ದರೆ ಅದೂ ಬಹುಪಾಲು ನೀರೇ. ಹೆಂಗಸರಿಗೆ ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಒಂದೆರಡು ಕೆ.ಜಿ. ಏರುಪೇರು ಸಾಮಾನ್ಯ. ಇಂಥ ಮುಳ್ಳಿಗೆ ಬಹುಮಾನ ಕಟ್ಟಿದರೆ ಶನಿವಾರ ರಾತ್ರಿ ಊಟ ಬಿಡುವುದು, ನೀರು ಕುಡಿಯದೇ ತೂಗುವುದು ಶುರುವಾಗುತ್ತದೆ. ಸರಿಯಾಗಿ ನಡೆದುಕೊಂಡ ವಾರ ಮುಳ್ಳು ಏರಿದರೆ ಬಹುಮಾನವೂ ಇಲ್ಲ, ಹುಮ್ಮಸ್ಸೂ ಇಲ್ಲ.

ಕೆಲಸ ಅಂದರೆ ನನ್ನ ಲೆಕ್ಕದಲ್ಲಿ ದಿನಕ್ಕೆ ಮೂರೇ. 40 ನಿಮಿಷ ನಡಿಗೆ. ರಾತ್ರಿ ಅನ್ನ ಒಂದು ಬಟ್ಟಲು, ಎರಡನೇ ಸಲ ಬಡಿಸಿಕೊಳ್ಳುವಂತಿಲ್ಲ. ಸಂಜೆ ಕಾಫಿ ಜೊತೆ ಕರಿದದ್ದು ಇಲ್ಲ. ಹಲಸಿನ ಹಪ್ಪಳವೂ ಕರಿದದ್ದೇ, ಕೆಂಡದ ಮೇಲೆ ಸುಟ್ಟಿದ್ದಾದರೆ ಅಡ್ಡಿಯಿಲ್ಲ. ಮೂರಕ್ಕೂ ‘ಆಯ್ತು’, ‘ಇಲ್ಲ’ ಅನ್ನುವ ಉತ್ತರ ಮಾತ್ರ ಇರಬೇಕು. ‘ಹಿತಮಿತವಾಗಿ ತಿನ್ನುವುದು’ ಅಂತ ಬರೆದುಕೊಂಡರೆ ದಿನಾ ರಾತ್ರಿ ನಮ್ಮ ಪರ ನಾವೇ ವಕೀಲಿಕೆ ಮಾಡುತ್ತೇವೆ. ಬಟ್ಟಲೂ ಒಂದೇ ಇರಲಿ. ಮನೆಯಲ್ಲಿರುವ ಬಟ್ಟಲುಗಳಲ್ಲಿ ಅಂದಾಜು 150 ಗ್ರಾಂ ಅನ್ನ ಹಿಡಿಯುವುದನ್ನು ಒಮ್ಮೆ ತೂಗಿ ಆರಿಸಿ, ತಳಕ್ಕೆ ಗುರುತು ಹಾಕಿಡಿ. ಅಷ್ಟು ಅನ್ನಕ್ಕೆ ಸುಮಾರು 200 ಕಿಲೋ ಕ್ಯಾಲರಿ. ಹೊಟ್ಟೆ ತುಂಬಿಸುವ ಕೆಲಸ ತಂಬುಳಿ, ಪಲ್ಯ, ಹುರುಳಿಕಾಳಿನದು.

ಒಂದು ಕೆಲಸ ಮುಗಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಗೆ ಕೆಂಪು ಗೆರೆ, ಗಾಜಿನ ಬಾಟಲಿಗೆ 10 ರೂಪಾಯಿ ನಾಣ್ಯ. ಗೆರೆ ಮತ್ತು ನಾಣ್ಯ ಎರಡೂ ಕೂಡಲೇ ಬೀಳಬೇಕು. ನಡೆದು ಬಂದು ಚಪ್ಪಲಿ ಬಿಟ್ಟವರು ಮೊದಲು ಬಾಟಲಿ ಹತ್ತಿರ ಹೋಗಿ, ಆಮೇಲೆ ಸ್ನಾನಕ್ಕೆ. ಕೆಲಸಕ್ಕೂ ಬಹುಮಾನಕ್ಕೂ ನಡುವೆ ಹೊತ್ತು ಕಳೆದಷ್ಟೂ ಎರಡರ ನಂಟು ಸಡಿಲವಾಗುತ್ತದೆ. ವಾರದ ಕೊನೆಗೆ ಒಟ್ಟಿಗೆ ಹಾಕುತ್ತೇನೆ ಅಂದರೆ ಅದು ಬರೀ ಉಳಿತಾಯ ಖಾತೆ. ಫೋನಿನಲ್ಲಿ ಇನ್ನೊಂದು ಖಾತೆಗೆ ದುಡ್ಡು ದಾಟಿಸುವುದಕ್ಕೂ ಇದೇ ಕೊರತೆ, ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಠಣ್ ಅನ್ನುವುದಿಲ್ಲ. 10ರ ನಾಣ್ಯ ಕೊಟ್ಟರೆ ಕೆಲವು ಅಂಗಡಿಯವರು ಇನ್ನೂ ಮುಖ ತಿರುಗಿಸುತ್ತಾರೆ. ಎಲ್ಲ ಮಾದರಿಯ ನಾಣ್ಯವೂ ಚಲಾವಣೆಯಲ್ಲಿದೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ, ಆದರೂ. ನಮ್ಮ ಕೆಲಸಕ್ಕೆ ಅದೂ ಒಳ್ಳೆಯದೇ, ಬಾಟಲಿಯಿಂದ ಸಾಲ ಎತ್ತುವ ಆಸೆ ಬರುವುದಿಲ್ಲ.

ದಿನಕ್ಕೆ ಮೂರರಂತೆ ವಾರಕ್ಕೆ 21 ಗೆರೆ. ಪಾಸಾಗಲು 17 ಸಾಕು. 21ಕ್ಕೆ 21 ಬೇಕು ಅಂತ ಹಟ ಹಿಡಿದರೆ ಮಂಗಳವಾರ ನೆಂಟರು ಬಂದ ತಕ್ಷಣ ಆ ವಾರ ಮುಗಿದಂತೆ, ಉಳಿದ ನಾಲ್ಕು ದಿನ ‘ಹ್ಯಾಗೂ ಹೋಯ್ತು’ ಅನ್ನುವ ಲೆಕ್ಕದಲ್ಲಿ ಕಳೆಯುತ್ತದೆ. ತಿಂಗಳ ಪೂರ್ತಿ ಗೆರೆ ಬಿದ್ದರೆ 900 ರೂಪಾಯಿ, ಐದರಲ್ಲಿ ನಾಲ್ಕು ಭಾಗ ಬಿದ್ದರೆ 720. ಇಷ್ಟು ದುಡ್ಡು ಹೊರೆ ಅನ್ನಿಸಿದರೆ 2 ರೂಪಾಯಿ ನಾಣ್ಯವಾದರೂ ನಡೆಯುತ್ತದೆ, ಕೆಲಸ ಮಾಡುವುದು ಸದ್ದು.

ವಾರದ ಬಹುಮಾನಕ್ಕೆ ದುಡ್ಡು ಬೇಡ, ಬಿಡುವು ಸಾಕು. ಭಾನುವಾರ ಬೆಳಿಗ್ಗೆ ಎರಡು ಗಂಟೆ ದೋಸೆ ಹುಯ್ಯುವುದಿಲ್ಲ, ಕೊಟ್ಟಿಗೆ ಕಡೆ ಹೋಗುವುದಿಲ್ಲ, ಫೋನ್ ಎತ್ತುವುದಿಲ್ಲ. ಮಲೆನಾಡಿನ ಮನೆಗಳಲ್ಲಿ, ಅದರಲ್ಲೂ ಅಡಿಕೆ ಕೊಯ್ಲು ನಡೆಯುವಾಗ, ಇಷ್ಟು ಬಿಡುವು ಚಿನ್ನಕ್ಕೆ ಸಮ. ಆದರೆ ಇದನ್ನು ನಮಗೆ ನಾವೇ ಕೊಟ್ಟುಕೊಳ್ಳಲಾಗದು, ಇನ್ನೊಬ್ಬರು ಒಪ್ಪಬೇಕು. ಶನಿವಾರ ರಾತ್ರಿ ಹೇಳಿದರೆ ಜಗಳ. ತಿಂಗಳ ಮೊದಲೇ ಮಾತಾಡಿಕೊಂಡಿರಬೇಕು. ‘ಅತ್ತಿಗೆ, ವಾರಕ್ಕೆ 17 ಗೆರೆ ಬಿದ್ದರೆ ಭಾನುವಾರ ತಿಂಡಿ ನಿಮ್ಮದು. ನೀವೂ ಏನಾದರೂ ಹಿಡಿದರೆ ಮುಂದಿನ ವಾರ ನನ್ನದು’ ಅಂತ ಕೊಟ್ಟು ತೆಗೆದುಕೊಳ್ಳುವ ಮಾತಾದರೆ ಬಾಳುತ್ತದೆ. ಒಬ್ಬರೇ ಪಡೆಯುತ್ತಾ ಹೋದರೆ ಮೂರನೇ ವಾರಕ್ಕೆ ಯಾರಿಗೂ ಬೇಡ.

ತಿಂಗಳ ಬಹುಮಾನ ಬಾಟಲಿಯ ದುಡ್ಡಿನಿಂದ. ಏನು ಅಂತ ಒಂದನೇ ತಾರೀಕೇ ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸುತ್ತೇನೆ. ಕೊನೆಗೆ ಯೋಚಿಸೋಣ ಅಂತ ಬಿಟ್ಟರೆ ದುಡ್ಡು ಗ್ಯಾಸ್ ಸಿಲಿಂಡರಿಗೋ ಮಕ್ಕಳ ಫೀಸಿಗೋ ಹೋಗುತ್ತದೆ. ಅವು ಹೇಗೂ ಕೊಡಲೇಬೇಕಾದ ಖರ್ಚು, ಬಹುಮಾನ ಅನ್ನಿಸಲ್ಲ. ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದ ಒಂದು ಕೈಮಗ್ಗದ ಅಂಗಿ, ನೀನಾಸಂ ತಿರುಗಾಟದ ನಾಟಕ ಊರಿಗೆ ಬಂದಾಗ ಮನೆಮಂದಿಗೆಲ್ಲ ಟಿಕೆಟ್, ಬೆಳಿಗ್ಗೆ ಸಕ್ರೆಬೈಲಿಗೆ ಹೋಗಿ ಆನೆ ಸ್ನಾನ ನೋಡಿ ಬರುವುದು, ಇಂಥವು ಚೆನ್ನಾಗಿ ಕೂರುತ್ತವೆ. ಕೊಡಚಾದ್ರಿ ಇನ್ನೂ ಒಳ್ಳೆಯದು. 1,343 ಮೀಟರ್ ಎತ್ತರದ ಬೆಟ್ಟ. ಮಳೆ ನಿಂತ ಮೇಲೆ, ಬಿಸಿಲು ಏರುವ ಮೊದಲು, ನವೆಂಬರಿನಿಂದ ಫೆಬ್ರವರಿ ಒಳಗೆ ಹತ್ತುವುದು ಸರಿ. ಜೀಪಿನಲ್ಲಿ ಹೋದರೆ ನೋಟ ಸಿಗುತ್ತದೆ, ಬಹುಮಾನ ಸಿಗುವುದಿಲ್ಲ. ಅದೇ ಏರನ್ನು ಹತ್ತು ಕೆ.ಜಿ. ಹೆಚ್ಚಿದ್ದಾಗ ಹತ್ತಿದವರಿಗೆ ಮಂಡಿಯೇ ವ್ಯತ್ಯಾಸ ಹೇಳುತ್ತದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸಿಗುವ ದುಬಾರಿ ಸ್ಮಾರ್ಟ್‌ವಾಚ್ ಮಾತ್ರ ನನಗೆ ಸೇರದು. ಮೊದಲ ತಿಂಗಳೇ ಕೊಂಡರೆ ಮುಂದಿನ ತಿಂಗಳಿಗೆ ಅದನ್ನು ಮೀರಿಸುವುದು ಏನೂ ಉಳಿಯುವುದಿಲ್ಲ. ಸಣ್ಣದರಿಂದ ಶುರು ಮಾಡಿ.

ಬಟ್ಟೆಯನ್ನು ಟೈಲರ್ ಹತ್ತಿರ ಹಿಡಿಸಿಕೊಳ್ಳುವುದೂ ಒಂದು ಬಹುಮಾನ, ಆ ವಿಷಯ ಸ್ವಲ್ಪ ವಿವರವಾಗಿ. ಮುಂದೆ ಹಿಡಿಸುತ್ತದೆ ಅಂತ ಎರಡು ಸೈಜ್ ಚಿಕ್ಕ ಬಟ್ಟೆ ಕೊಂಡಿಡುವುದು ಬಹುಮಾನ ಅಲ್ಲ, ಕಪಾಟು ತೆರೆದಾಗಲೆಲ್ಲ ಚುಚ್ಚುವ ಮಾತು. ಇರುವ ಬಟ್ಟೆಯನ್ನೇ ಹಿಡಿಸಿಕೊಳ್ಳುವುದು ಲೇಸು. ರವಿಕೆಯ ಎರಡು ಪಕ್ಕದಲ್ಲೂ ಕಾಲು ಇಂಚು ಒಳಗೆ ಹೊಸ ಹೊಲಿಗೆ ಹಾಕಿದರೆ, ಪ್ರತಿ ಪಕ್ಕಕ್ಕೆ ಅರ್ಧ ಇಂಚಿನಂತೆ ಒಟ್ಟು ಸುತ್ತಳತೆ ಒಂದು ಇಂಚು ಇಳಿಯುತ್ತದೆ. ಹಳೇ ಹೊಲಿಗೆಯನ್ನು ಬಿಚ್ಚಿಸಬೇಡಿ, ಒಳಗೆ ಸಾಲಾಗಿ ಹಾಗೇ ಇರಲಿ; ಅಳತೆ ಪುಸ್ತಕದ ಕೆಲಸವನ್ನು ಅವೇ ಮಾಡುತ್ತವೆ. ಪ್ಯಾಂಟಾದರೆ ಹಿಂದಿನ ನಡು ಹೊಲಿಗೆಯಲ್ಲಿ ಎರಡು ಇಂಚಿನವರೆಗೆ ಹಿಡಿಯಬಹುದು, ಅದಕ್ಕಿಂತ ಜಾಸ್ತಿ ಹಿಡಿದರೆ ಹಿಂದಿನ ಎರಡು ಜೇಬು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು ಅಂದ ಕೆಡುತ್ತದೆ. ಸೊಂಟದ ಟೇಪನ್ನು ತಿಂಗಳಿಗೊಮ್ಮೆ ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಹಿಡಿಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರ ವಹಿಸಬೇಕು ಅನ್ನುವುದು ವೈದ್ಯರ ಅಳತೆ. ಮುಳ್ಳು ಕದಲದ ತಿಂಗಳಲ್ಲೂ ಟೇಪು ಇಳಿಯುವುದುಂಟು.

ತಕ್ಕಡಿಗೆ ಒಂದೇ ಒಂದು ಬಹುಮಾನ ಇಟ್ಟಿದ್ದೇನೆ: ಶುರುವಿನ ತೂಕದ ಶೇಕಡಾ 5 ಇಳಿದಾಗ. 80 ಕೆ.ಜಿ. ಇದ್ದವರಿಗೆ 4 ಕೆ.ಜಿ. ರಕ್ತದೊತ್ತಡ, ಸಕ್ಕರೆಯ ಮೇಲೆ ಒಳ್ಳೆಯ ಪರಿಣಾಮ ಕಾಣಲು ಇಷ್ಟು ಇಳಿದರೂ ಸಾಕು. ವಾರಕ್ಕೊಮ್ಮೆ, ಅದೇ ದಿನ, ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ತೂಗಿ ಬರೆಯಬೇಕು. ಆ 4 ಕೆ.ಜಿ. ಇಳಿದ ದಿನ ಬಹುಮಾನ ಇಲ್ಲ, ನಾಲ್ಕು ವಾರ ಅಲ್ಲೇ ನಿಂತರೆ ಮಾತ್ರ. ಈ ಒಂದು ಷರತ್ತಿನಿಂದ ಉಪವಾಸ ಬಿದ್ದು ಮುಳ್ಳು ಇಳಿಸುವ ಆಟ ತಾನಾಗಿ ನಿಲ್ಲುತ್ತದೆ.

ಜೂನ್ ಬಂತು ಅಂದರೆ ಈ ಏರ್ಪಾಡಿಗೆ ನಿಜವಾದ ಪರೀಕ್ಷೆ. ಶಿವಮೊಗ್ಗ ಪೇಟೆಯಲ್ಲಿ ಕೊಡೆ ಹಿಡಿದಾದರೂ ನೆಹರು ಕ್ರೀಡಾಂಗಣದ ಕಡೆ ಹೋಗಬಹುದು. ತೀರ್ಥಹಳ್ಳಿ, ಹೊಸನಗರದ ಒಳಗೆ ಜಡಿಮಳೆ, ಕಾಲಿಗೆ ಇಂಬಳ. ಮಳೆಗಾಲದ ನಡಿಗೆ ಜಗಲಿಯಲ್ಲೇ ಅಂತ ಮೇ ತಿಂಗಳಲ್ಲೇ ತೀರ್ಮಾನಿಸಿ. 10 ಮೀಟರ್ ಉದ್ದದ ಜಗಲಿಯಲ್ಲಿ ಹೋಗಿ ಬಂದರೆ 20, 50 ಸುತ್ತಿಗೆ ಒಂದು ಕಿ.ಮೀ. ಬೇಜಾರಿನ ಕೆಲಸ. ಅದಕ್ಕೆ ನಾನು ಕಟ್ಟಿದ ಬಹುಮಾನ ತಾಳಮದ್ದಳೆಯ ಧ್ವನಿಮುದ್ರಿಕೆ. ಜಗಲಿಯಲ್ಲಿ ಕಾಲು ಆಡುವಾಗ ಮಾತ್ರ ಕೇಳಬೇಕು, ಕಾಲು ನಿಂತರೆ ಅದೂ ನಿಲ್ಲಬೇಕು. ಕೌರವ ಕೃಷ್ಣನಿಗೆ ಉತ್ತರ ಕೊಡುವ ಹೊತ್ತಿಗೆ 40 ನಿಮಿಷ ಮುಗಿದರೆ ಮರುದಿನ ಯಾರೂ ಎಬ್ಬಿಸಬೇಕಾಗಿಲ್ಲ. ಮನೆಯವರು ಅದನ್ನೇ ಟಿ.ವಿ.ಯಲ್ಲಿ ಹಾಕಿಬಿಟ್ಟರೆ ಮಾತ್ರ ಕೆಟ್ಟಿತು, ಬೇರೆ ಪ್ರಸಂಗ ಹುಡುಕಬೇಕು.

ಇದೇ ಉಪಾಯವನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ್ದಾರೆ. ರೋಚಕ ಕಥೆಯ ಧ್ವನಿಪುಸ್ತಕವನ್ನು ಜಿಮ್ಮಿನಲ್ಲಿ ಮಾತ್ರ ಕೇಳಲು ಕೊಟ್ಟವರು ಶುರುವಿನಲ್ಲಿ ಇತರರಿಗಿಂತ ಶೇಕಡಾ 51ರಷ್ಟು ಹೆಚ್ಚು ಸಲ ಜಿಮ್ಮಿಗೆ ಹೋದರು. ನಡುವೆ ಅವರ ಹಬ್ಬದ ರಜೆ ಬಂತು, ಆಮೇಲೆ ವ್ಯತ್ಯಾಸವೇ ಉಳಿಯಲಿಲ್ಲ. ನಮ್ಮಲ್ಲಿ ದೀಪಾವಳಿ, ಅಡಿಕೆ ಕೊಯ್ಲು, ಮನೆ ಮದುವೆ ಮಾಡುವುದೂ ಅದನ್ನೇ. ಹಾಗಾಗಿ ತಪ್ಪಿದ ದಿನಕ್ಕೆ ದಂಡ ಇಲ್ಲ, ಮರಳಿ ಬಂದ ದಿನಕ್ಕೆ ಎರಡು ನಾಣ್ಯ. 61 ಸಾವಿರಕ್ಕೂ ಹೆಚ್ಚು ಜಿಮ್ ಸದಸ್ಯರ ಮೇಲೆ ಹತ್ತಾರು ಉಪಾಯ ಪರೀಕ್ಷಿಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲಕ್ಕಿಂತ ಮುಂದೆ ಬಂದದ್ದೂ ಇಂಥದ್ದೇ: ಒಂದು ಸಲ ತಪ್ಪಿಸಿ ಮರಳಿ ಬಂದವರಿಗೆ ಕೊಡುವ ಚಿಲ್ಲರೆ ಬಹುಮಾನ.

ದುಡ್ಡು ಅಡ ಇಡುವ ಪದ್ಧತಿಯೂ ಇದೆ: ಒಬ್ಬ ಸ್ನೇಹಿತರ ಕೈಗೆ ಸಾವಿರ ಕೊಟ್ಟು, ಗುರಿ ಮುಟ್ಟದಿದ್ದರೆ ನಿಮ್ಮದು ಅನ್ನುವುದು. 2008ರಲ್ಲಿ ಪ್ರಕಟವಾದ 16 ವಾರದ ಪ್ರಯೋಗದಲ್ಲಿ ಹೀಗೆ ಹಣ ಕಟ್ಟಿದವರು ಸರಾಸರಿ 6 ಕೆ.ಜಿ.ಗಿಂತ ಹೆಚ್ಚು ಇಳಿದರು, ಏನೂ ಕಟ್ಟದವರು 2 ಕೆ.ಜಿ.ಗಿಂತ ಕಡಿಮೆ. ಪ್ರಯೋಗ ನಿಂತ ಮೇಲೆ ಇಳಿದದ್ದರಲ್ಲಿ ಸಾಕಷ್ಟು ಮರಳಿ ಬಂತು. ಮಗಳ ಮದುವೆಗೆ ಮೂರು ತಿಂಗಳಿದೆ ಅನ್ನುವವರಿಗೆ ಸರಿ, ವರ್ಷಗಟ್ಟಲೆ ಹಿಡಿಯಬೇಕಾದ್ದಕ್ಕೆ ನಾನು ಇದನ್ನು ಹೇಳುವುದಿಲ್ಲ. ಸ್ನೇಹವೂ ಹಾಳು.

ಪಂಕ್ತಿಯಲ್ಲಿ ಕೂತಾಗ ಬರುವ ಬಹುಮಾನದ ಬಗ್ಗೆ ಒಂದು ಮಾತು. ‘ಇಷ್ಟು ಇಳ್ದಿದೀಯಲ್ಲ, ಒಂದು ಹೋಳಿಗೆಗೆ ಎಂತ ಆಗಲ್ಲ, ಹಾಕ್ಕೋ’ ಅಂತ ದೊಡ್ಡಮ್ಮ ಬಡಿಸಲು ಬಂದರೆ ಕ್ಯಾಲರಿ ಪಾಠ ಹೇಳಬೇಡಿ. ಎಲೆಗೆ ಕೈ ಅಡ್ಡ ಹಿಡಿದು, ‘ಸಾಕು ದೊಡ್ಡಮ್ಮ, ಮಜ್ಜಿಗೆಗೆ ಜಾಗ ಬೇಕು’ ಅನ್ನಿ. ಮಜ್ಜಿಗೆಗೆ ಯಾರೂ ಬೇಡ ಅನ್ನುವುದಿಲ್ಲ.

ಮೂರು ತಿಂಗಳು ಕಳೆದ ಮೇಲೆ ನಾಣ್ಯ ಕಡಿಮೆ ಮಾಡುತ್ತಾ ಬರಬೇಕು. ಒಮ್ಮೆಲೇ ನಿಲ್ಲಿಸಿದರೆ ಕೆಲಸವೂ ನಿಲ್ಲುತ್ತದೆ. ಗೆರೆ ದಿನಾ ಹಾಕಿ, ನಾಣ್ಯದ ಬದಲು ಶನಿವಾರ ಚೀಟಿ ಎತ್ತಿ. ಒಂದು ಪಾವಿಗೆ ಹತ್ತು ಚೀಟಿ, ಮೂರರಲ್ಲಿ 100 ರೂಪಾಯಿ, ಏಳು ಖಾಲಿ. 17 ಗೆರೆ ಇದ್ದವರಿಗೆ ಮಾತ್ರ ಎತ್ತುವ ಹಕ್ಕು. ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಬಹುಮಾನಕ್ಕೆ ರೂಢಿ ಹೆಚ್ಚು ಕಾಲ ಅಂಟಿಕೊಳ್ಳುತ್ತದೆ. ಅಷ್ಟರಲ್ಲಿ ನಡಿಗೆ ನಿಮಗೇ ಇಷ್ಟವಾಗಿದ್ದರೆ ಅದನ್ನು ಪಟ್ಟಿಯಿಂದಲೇ ತೆಗೆಯಿರಿ. ಇಷ್ಟಪಟ್ಟು ಮಾಡುವುದಕ್ಕೆ ಕೂಲಿ ಕೊಟ್ಟರೆ ಇಷ್ಟ ಹೋಗಿ ಕೂಲಿ ಉಳಿಯುತ್ತದೆ. ಆ ಜಾಗಕ್ಕೆ ಇನ್ನೂ ಕಷ್ಟವಾಗಿರುವ ಒಂದನ್ನು ತನ್ನಿ, ಕಾಫಿಯ ಎರಡು ಚಮಚ ಸಕ್ಕರೆಯನ್ನು ಒಂದಕ್ಕಿಳಿಸುವುದು ಇತ್ಯಾದಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅನ್ನದ ಅಳತೆ ಬದಲಿಸುವ ಮೊದಲು ವೈದ್ಯರಿಗೆ ಹೇಳಬೇಕು, ಔಷಧಿಯ ಪ್ರಮಾಣವೂ ಬದಲಾಗಬೇಕಾಗಬಹುದು. ಬಸುರಿಯರಿಗೆ, ತಿಂದು ಆಮೇಲೆ ವಾಂತಿ ಮಾಡುವ ಅಥವಾ ಊಟವನ್ನೇ ಬಿಡುವ ತೊಂದರೆ ಇರುವವರಿಗೆ ಈ ಗೆರೆ–ನಾಣ್ಯ ಬೇಡವೇ ಬೇಡ.

ಗುರಿ ಮುಟ್ಟಿದ ಮೇಲೂ ವಾರದ ತೂಕ ಬರೆಯುತ್ತಿರಿ, ಬಾಟಲಿಯನ್ನು ಅಟ್ಟಕ್ಕೆ ಹಾಕಬೇಡಿ. ನಾಲ್ಕು ವಾರದ ಸರಾಸರಿ, ನಿಂತ ತೂಕಕ್ಕಿಂತ 2 ಕೆ.ಜಿ. ಮೇಲೆ ಹೋದರೆ ಮರುದಿನವೇ ಮೂರು ಕೆಲಸ, ಮೂರು ನಾಣ್ಯ.